ರಾಜಮತಿಯ ಬಾವಿ, ಅಕ್ಕವ್ವನ ಹಗ್ಗ

ಅಕ್ಕೋಳದ ಧರೆಪ್ಪನ ಮನೆಯವರಿಗೆ ಒಂದು ಗಡಗಡಿ ಬಾಕಿ ಇದೆ. ಗಡಗಡಿ ಅಂದರೆ ಬಾವಿಯ ಮೇಲೆ ಹಗ್ಗ ಹಾಯಿಸುವ ರಾಟೆ. ಎಪ್ಪತ್ತೆರಡರ ಬರದಲ್ಲಿ ಜೈನರ ಬಸ್ತಿ ಓಣಿಯ ದೊಡ್ಡ ಮನೆಯ ಹಿತ್ತಲಲ್ಲಿ ಬಾವಿ ತೋಡುವಾಗ ಆ ಮನೆಯ ಯಜಮಾನರು ಕೂಲಿ ಜೋಳದ ಜೊತೆಗೆ ಒಂದು ಮಾತನ್ನೂ ಕೊಟ್ಟಿದ್ದರು: "ನೀರ ಬಿದ್ರ ಕಟ್ಟಿ ಮ್ಯಾಲ ನಿಮ್ಮ ಕೇರಿಗೂ ಒಂದ ಗಡಗಡಿ ಹಾಕಸ್ತೀನಿ, ಧರೆಪ್ಪಾ." ಧರೆಪ್ಪ ಮದ್ದು ಹಾಕಿ ಬಂಡೆ ಒಡೆದ. ಅವನ ಜನ ಬುಟ್ಟಿಯಲ್ಲಿ ಕಲ್ಲು ಹೊತ್ತು ಮೇಲೆ ಹಾಕಿದರು. ನೀರು ಬಿತ್ತು, ಓಣಿಯಲ್ಲಿ ಬೆಲ್ಲ ಹಂಚಿದರು. ಜೋಳ ಮುಟ್ಟಿತು, ಗಡಗಡಿ ಮುಟ್ಟಲಿಲ್ಲ. ಮಾತು ಕೊಟ್ಟವರು ಸತ್ತರು, ಮಾತು ತೆಗೆದುಕೊಂಡವನೂ ಸತ್ತ. ಬಾವಿ ಇದ್ದೇ ಇತ್ತು.

ಆ ಯಜಮಾನರ ಹೆಂಡತಿ ರಾಜಮತಿ. ಓಣಿಗೆ ರಾಜಕ್ಕ, ಮೊಮ್ಮಕ್ಕಳಿಗೆ ಆಯಿ. ಒಣ ಮೆಣಸಿನಕಾಯಿಯಂಥ ಹೆಂಗಸು. ಮೈಯೂ ಹಾಗೆ, ಮಾತೂ ಹಾಗೆ. ಮಗ ಬಾಹುಬಲಿ ಹೊರಗೆ ತಂಬಾಕು, ಕಬ್ಬು ನೋಡಿಕೊಳ್ಳುತ್ತಿದ್ದ. ಮನೆಯೊಳಗಿನ ರಾಜ್ಯ ಮಾತ್ರ ಅವಳದೇ. ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದಳು. ದನಿ ಚೆನ್ನಾಗಿರಲಿಲ್ಲ, ಹಾಡು ನಿಲ್ಲಿಸು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳ ದಿನ ಶುರುವಾಗುತ್ತಿದ್ದದ್ದು ಒಂದು ದಪ್ಪ ಅರಿವೆಯಿಂದ. ಎರಡು ಪದರು ಮಾಡಿ ಕೊಡದ ಬಾಯಿಗೆ ಕಟ್ಟಿ, ಸೇದಿದ ನೀರನ್ನು ನಿಧಾನಕ್ಕೆ ಅದರ ಮೇಲೆ ಸುರಿಯುವಳು. ಇದು ಜೈನರ ಮನೆಗಳ ಪದ್ಧತಿ, ನೀರು ಗಾಳಿಸುವುದು. ಗಾಳಿಸಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಅರಿವೆಯನ್ನು ತಿರುವಿ ಹಿಡಿದು, ಗಾಳಿಸಿದ ನೀರನ್ನೇ ಮೇಲೆ ಹನಿಸಿ, ಅಂಟಿಕೊಂಡದ್ದನ್ನು ಹಿತ್ತಾಳೆಯ ಒಂದು ಸಣ್ಣ ಗಿಂಡಿಗೆ ಇಳಿಸಿಕೊಳ್ಳಬೇಕು. ಕಣ್ಣಿಗೆ ಕಾಣುವ, ಕಾಣದ ಹುಳಗಳಿರುವ ಆ ನೀರೇ ಜೀವಾಣಿ. ಅದನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ, ಬೇರೆ ಬಾವಿಗೆ ಹಾಕುವಂತಿಲ್ಲ, ಮೇಲಿಂದ ಸುರಿದು ಹುಳಗಳ ಸೊಂಟ ಮುರಿಯುವಂತಿಲ್ಲ. ಯಾವ ನೀರಿನಿಂದ ಬಂತೋ ಅದೇ ನೀರಿಗೆ ಮೆಲ್ಲಗೆ ಇಳಿಸಬೇಕು. ಗಿಂಡಿಯ ತಳದಲ್ಲೊಂದು ಕೊಂಡಿ ಇತ್ತು. ನೀರು ಮುಟ್ಟಿದ ಮೇಲೆ ದಾರವನ್ನು ಒಮ್ಮೆ ಜಗ್ಗಿದರೆ ಗಿಂಡಿ ತಾನಾಗಿ ಬೋರಲು ಬೀಳುತ್ತಿತ್ತು. ಅದು ಬರಿದಾಗಿ ಮೇಲೆ ಬರುವ ತನಕ ರಾಜಮತಿ ಬಾಯಿಗೆ ತುತ್ತು ಹಾಕುತ್ತಿರಲಿಲ್ಲ.

"ಆಯಿ ಹುಳಕ್ಕ ಬಸ್ ಹತ್ತಿಸಿ ಬರಾಕ ಹೋಗ್ಯಾಳ," ಎಂದು ಮೊಮ್ಮಕ್ಕಳು ನಗುತ್ತಿದ್ದರು.

"ನಗರಿ, ನಗರಿ. ನಿಪ್ಪಾಣಿ ಸಂತ್ಯಾಗ ನೀವು ಕಳದ್ರ ನಿಮ್ಮವ್ವ ಹೊಯ್ಕೊಳ್ಳೂದಿಲ್ಲೇನು? ಹುಳಕ್ಕೂ ಮನಿ ಅಂತ ಒಂದ ಐತಿ."

ಹಿರಿಯ ಮೊಮ್ಮಗಳು ಮಂಗಲ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿನ ಅವಸರದಲ್ಲಿ ಒಂದು ದಿನ ನೀರನ್ನು ತಾನು ಗಾಳಿಸಿ, ಗಿಂಡಿಯನ್ನು ಕಸ ಹೊಡೆಯಲು ಬಂದ ಅಕ್ಕವ್ವನ ಮುಂದೆ ಇಟ್ಟು, ಬಾವಿ ಕಟ್ಟೆಯ ತನಕ ಒಯ್ದಿಡು ಎಂದಳು. ರಾಜಮತಿ ಬಾಗಿಲಿಗೆ ಅಡ್ಡ ನಿಂತಳು.

"ಏ ಮಂಗಲಾ, ಗಾಳಿಸಿದ ಕೈ ಯಾವುದೋ ಬಿಡೋ ಕೈನೂ ಅದ. ನಿನ್ನ ಪಾಪ ಹೊರಾಕ ಅಕ್ಕವ್ವ ಏನ ಹಮಾಲಿ ಅಲ್ಲ."

ಅಕ್ಕವ್ವ ಕಸಬರಿಗೆ ಹಿಡಿದು ನಿಂತು ಈ ಮಾತನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡದ್ದನ್ನು ಬಿಡುವ ಹೆಂಗಸಲ್ಲ ಅವಳು.

ಸಂಜೆಯದು ಇನ್ನೊಂದು ಗಲಾಟೆ. ಹೊತ್ತು ಮುಳುಗುವ ಮೊದಲೇ ಮನೆಯವರೆಲ್ಲ ಊಟ ಮುಗಿಸಬೇಕು. ಮುಳುಗಿತೋ, ನಾಳೆ ಬೆಳಗಿನ ತನಕ ರಾಜಮತಿಗೆ ನೀರೂ ಇಲ್ಲ. ಬಾಹುಬಲಿ ತಂಬಾಕು ವ್ಯಾಪಾರಿಯ ಜೊತೆ ಪಡಸಾಲೆಯಲ್ಲಿ ಕೂತಿದ್ದರೆ ಒಳಗಿಂದಲೇ ಕೂಗುವಳು: "ಸೂರ್ಯ ಏನ ನಿಮ್ಮ ವ್ಯಾಪಾರಿ ಅಲ್ಲೋ, ಚಾ ಕುಡಿಸಿ ಕುಂಡ್ರಸಾಕ. ಏಳು!" ಸಜ್ಜೆ ರೊಟ್ಟಿ, ಬೆಣ್ಣೆ, ಹೆಸರಿನ ಉಸಳಿ, ಶೇಂಗಾ ಹಿಂಡಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಹೊಸಿಲು ದಾಟುತ್ತಿರಲಿಲ್ಲ. ಅವಿಲ್ಲದೆ ಇಷ್ಟು ರುಚಿ ಹೇಗೆ ಎಂದು ನೆರೆಮನೆಯ ಗೌರಾಬಾಯಿ ಕೇಳಿದರೆ, "ಹಸದು ಉಣ್ಣ್ರಿ, ನಿಮ್ಮದೂ ರುಚಿ ಆಕ್ಕೈತಿ," ಎನ್ನುತ್ತಿದ್ದಳು.

ಇದೆಲ್ಲ ಸರಿ. ಆದರೆ ಇದೇ ರಾಜಮತಿ ಅಕ್ಕವ್ವನ ಕೊಡಕ್ಕೆ ನೀರು ಹಾಕುವಾಗ ಕಟ್ಟೆಯ ಮೇಲೆ ನಿಂತು, "ಕೊಡ ಇಡು, ಹಿಂದಕ ಸರಿ," ಎನ್ನುತ್ತಿದ್ದಳು. ಹುಳವನ್ನು ದಾರ ಕಟ್ಟಿ ಇಳಿಸುವವಳು ಮನುಷ್ಯರಿಗೆ ಮೇಲಿಂದ ಸುರಿಯುತ್ತಿದ್ದಳು. ಅದು ತಪ್ಪು ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು. ಅವಳು ಕೆಟ್ಟವಳಲ್ಲ, ಅದೇ ತೊಂದರೆ.

ಅಕ್ಕವ್ವ ಧರೆಪ್ಪನ ಸೊಸೆ. ಬೆಳಗ್ಗೆ ದೊಡ್ಡ ಮನೆಯ ಅಂಗಳ, ಮಧ್ಯಾಹ್ನ ತಂಬಾಕಿನ ಹೊಲ, ಉಳಿದ ಹೊತ್ತು ಬೀಡಿಯ ಮೊರ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಮೆರವಣಿಗೆಗೆ ಹೋಗಿ ಗಂಟಲು ಹರಿಯುವಂತೆ ಕೂಗಿ ಬಂದವಳು. ಬಾವಿಗೂ ಅವಳಿಗೂ ಇದ್ದ ಲೆಕ್ಕ ಅವಳ ಮನಸ್ಸಿನಲ್ಲಿತ್ತು. ಹೇಳುವ ಹೊತ್ತು ಬಂದಿರಲಿಲ್ಲ.

ಎಂಬತ್ತೇಳರ ಬೇಸಿಗೆಯಲ್ಲಿ ಬಂತು. ಕೇರಿಯ ಬೋರಿಂಗು ಕೆಟ್ಟು ಹಿಡಿಕೆ ಗಾಳಿಯನ್ನಷ್ಟೇ ಎಳೆಯತೊಡಗಿತ್ತು. ಅದೇ ಹೊತ್ತಿಗೆ ಬಾಹುಬಲಿ ಬಾವಿಗೆ ಮೋಟಾರು ಇಳಿಸಿದ. ಅಡಿಗೆಮನೆಗೆ ನಳ ಬಂತು. ಮಕ್ಕಳು ಬೀಳಬಾರದೆಂದು ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ, ಕೀಲಿ ಜಡಿದು, ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಅವ್ವ ಜೀವಾಣಿ ಬಿಡಬೇಕಲ್ಲ ಎಂದು ಜಾಳಿಗೆಯಲ್ಲಿ ಗಿಂಡಿ ಹಿಡಿಸುವಷ್ಟು ಒಂದು ಕಿಂಡಿ ಕೊರೆಸಿದ. ಕೇರಿಯವರಿಗೂ ಅನ್ಯಾಯ ಆಗಬಾರದೆಂದು ಕಂಪೌಂಡಿನ ಗೋಡೆಯಿಂದ ಹೊರಗೆ ಒಂದು ಪೈಪು ಹಾಯಿಸಿದ. ದಾನ ಮಾಡಿದೆ ಎಂದೇ ಅವನ ನಂಬಿಕೆ.

ಪೈಪಿನಲ್ಲಿ ನೀರು ಬರಬೇಕಾದರೆ ಕರೆಂಟು ಬರಬೇಕು. ಕರೆಂಟು ಬಂದರೆ ಕಬ್ಬಿಗೆ ಬಿಡಬೇಕು. ಕಬ್ಬಿಗೆ ಬಿಟ್ಟು ಉಳಿದರೆ ಗೋಡೆಯಾಚೆ. ಕೇರಿಯ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ಬಿಸಿಲಿನಲ್ಲಿ ಕೂತು ಬೀಡಿ ಕಟ್ಟುತ್ತ, ಒಳಗೆ ಬಟನ್ ಒತ್ತುವ ಸದ್ದಿಗೆ ಕಿವಿ ಕೊಡುತ್ತಿದ್ದರು. ಹಗ್ಗ ಇದ್ದಾಗ ಸುರಿಯುವವರ ಮುಖವಾದರೂ ಕಾಣುತ್ತಿತ್ತು.

ಒಂದು ಸಂಜೆ ರಾಜಮತಿ ಊಟಕ್ಕೆ ಕೂರುವ ಮೊದಲು ಜೀವಾಣಿ ಬಿಟ್ಟು ಕಟ್ಟೆ ಇಳಿಯುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು. ಕೈಯಲ್ಲಿ ಕೊಡವಿರಲಿಲ್ಲ. ಸ್ಟೀಲಿನ ಒಂದು ವಾಟಗ, ಅದರೊಳಗೆ ಅರ್ಧ ನೀರು.

"ಏನ ಬೇ ಅದು?"

"ಜೀವಾಣಿ, ಅವ್ವಾರ."

"ಯಾರದು?"

"ನಿಮ್ಮ ಬಾಂವ್ಯಾಂದ. ಪೈಪಿನ್ಯಾಗ ನಮ್ಮ ಕೇರಿಗಿ ಬಂದಿತ್ತು. ಸೀರಿ ಸೆರಗ ಎರಡ ಮಡಿಕಿ ಮಾಡಿ ಗಾಳಿಸೇನಿ. ಪಾಪ, ಎಲ್ಲಿ ಹುಳ, ಎಲ್ಲಿ ನಮ್ಮ ಕೇರಿ. ತಿರುಗಿ ಮನಿಗಿ ಮುಟ್ಟಿಸಬೇಕಲ್ರಿ?"

ರಾಜಮತಿ ಅವಳ ಮುಖ ನೋಡಿದಳು. ಚೇಷ್ಟೆಯೋ ನಿಜವೋ ತಿಳಿಯಲಿಲ್ಲ. ವಾಟಗದಲ್ಲಿ ಒಂದು ಕೆಂಪು ಎಳೆಯಂಥ ಹುಳ ಮಾತ್ರ ನಿಜವಾಗಿ ಹೊರಳುತ್ತಿತ್ತು.

"ಇಲ್ಲಿಡು. ನಾ ಬಿಡತೀನಿ."

"ಅದ ಹೆಂಗ್ರಿ? ಗಾಳಿಸಿದ ಕೈ ಯಾವುದೋ ಬಿಡೋ ಕೈನೂ ಅದ ಅಂದೋರು ನೀವ. ನನ್ನ ಪಾಪ ಹೊರಾಕ ನೀವೇನ ಹಮಾಲಿ ಅಲ್ಲಲ್ಲ."

ಸೂರ್ಯ ಹುಣಸೆ ಮರದ ಕೆಳಗಿನ ಟೊಂಗೆಗೆ ಬಂದಿದ್ದ. ಬಾವಿಯ ಜೀವ ಹೊರಗಿರುವಾಗ ರಾಜಮತಿ ತುತ್ತು ಎತ್ತುವಂತಿಲ್ಲ. ಅಕ್ಕವ್ವ ಕಟ್ಟೆ ಹತ್ತದೆ ಆ ಜೀವ ಒಳಗೆ ಹೋಗುವಂತಿಲ್ಲ. ಎರಡೂ ರಾಜಮತಿಯದೇ ಕಾನೂನು. ಅವಳು ಗಿಂಡಿಯನ್ನು ಕಟ್ಟೆಯ ಮೇಲಿಟ್ಟು, ಪಕ್ಕಕ್ಕೆ ಸರಿದಳು.

ಅಕ್ಕವ್ವ ಕಟ್ಟೆ ಹತ್ತಿದಳು. ಮಾವ ಒಡೆದ ಕಲ್ಲಿನ ಮೇಲೆ ಅವಳು ಕಾಲಿಟ್ಟದ್ದು ಅದೇ ಮೊದಲು. ನೀರನ್ನು ಗಿಂಡಿಗೆ ಹಾಕಿಕೊಂಡು, ಕಿಂಡಿಯೊಳಗೆ ಇಳಿಬಿಟ್ಟು, ದಾರವನ್ನು ಸರಿಯಾದ ಹೊತ್ತಿಗೆ ಜಗ್ಗಿದಳು. ಬರಿ ಗಿಂಡಿ ಮೇಲೆ ಬಂತು. ಅದನ್ನು ಕೆಳಗಿಟ್ಟು, ಜಾಳಿಗೆಯ ಮೇಲೆ ಕೈಯಾಡಿಸಿ ಹೇಳಿದಳು: "ಬಾಳ ಚಂದ ಮಾಡಿಸೀರಿ, ಅವ್ವಾರ. ಹುಳಕ್ಕ ಹೋಗಾಕ ಕಿಂಡಿ ಐತಿ. ನಮ್ಮ ಕೊಡಕ್ಕಿಲ್ಲ."

ಹೇಳಿ ಹೊರಟುಹೋದಳು.

ರಾಜಮತಿ ಒಳಗೆ ಬಂದು ತಾಟಿನ ಮುಂದೆ ಕೂತಳು. ರೊಟ್ಟಿ ಮುರಿದಳು. ಯಜಮಾನರು ಧರೆಪ್ಪನಿಗೆ ಮಾತು ಕೊಟ್ಟದ್ದು ಅವಳೆದುರೇ. ಅಂದು ತೋಡುವವರಿಗೆ ಮಜ್ಜಿಗೆ ಸುರಿದವಳು ಅವಳೇ. ಇಷ್ಟು ವರ್ಷ ಅದು ಗಂಡಸರ ಮಾತು ಎಂದು ಬಿಟ್ಟಿದ್ದಳು. ಈಗ ಗಂಡಸರಿಲ್ಲ. ಮಾತು ಹೋಗಿ ಎಲ್ಲಿ ಸೇರಬೇಕು? ಮುರಿದ ರೊಟ್ಟಿ ಕೈಯಲ್ಲೇ ಇತ್ತು, ಹೊತ್ತು ಮುಳುಗಿತು.

"ಆಯೀ, ಹುಳ ಬಿಟ್ಟಾತಲ್ಲ, ಮತ್ಯಾಕ ಉಣಲಿಲ್ಲ?" ಎಂದಳು ಮಂಗಲ.

"ಎಲ್ಲಾ ಬಿಟ್ಟಿಲ್ಲ," ಎಂದಳು ರಾಜಮತಿ.

ಬೆಳಗ್ಗೆ ಬಾಹುಬಲಿ ಚಹಾ ಕುಡಿಯುತ್ತಿದ್ದಾಗ ಎದುರಿಗೆ ಬಂದು ಕೂತಳು.

"ಇವತ್ತಿಂದ ನಾ ಮಷೀನಿನ ನೀರ ಕುಡಿಯೂದಿಲ್ಲ. ಅದರಾಗ ಜೀವ ಅರೀತಾವ. ಅರದ ಹಿಟ್ಟಿಗಿ ಏನ ಜೀವಾಣಿ ಬಿಡೂದು?"

"ಇಷ್ಟ ದಿನ ಕುಡದಿ?"

"ಬುದ್ಧಿ ಇರಲಿಲ್ಲ, ಕುಡದೆ. ಜಾಳಿಗಿ ತಗಿ, ಹಗ್ಗಾ ಇಳೀಲಿ."

"ನಿನ್ನ ರಟ್ಟಿ ನೆಟ್ಟಗ ಏಳೂದಿಲ್ಲ, ಯಾರ ಸೇದಬೇಕವ್ವಾ? ಇರಲಿ, ಒಂದ ಆಳಿಗಿ ಹೇಳತೀನಿ."

"ಆಳ ಬ್ಯಾಡ. ಅಕ್ಕವ್ವ ಸೇದತಾಳ."

ಬಾಹುಬಲಿಯ ಬಶಿಯಿಂದ ಚಹಾ ಧೋತರದ ಮೇಲೆ ಚೆಲ್ಲಿತು. "ಅವ್ವಾ! ಆಕಿ ಮುಟ್ಟಿದ ನೀರ ನೀ ಕುಡೀತಿ?"

"ಆಕಿ ಗಾಳಿಸ್ಯಾಳ, ಆಕಿ ಬಿಟ್ಟಾಳ. ನಿನ್ನ ಹೇಣ್ತಿ ಈ ಮನಿಗಿ ಬಂದಾಗಿಂದ ಒಂದ ದಿನರ ಬಿಟ್ಟಾಳೇನು, ಕೇಳು."

ಒಳಗೆ ಸೊಸೆ ಪಾತ್ರೆ ತಿಕ್ಕುವ ಸದ್ದು ಥಟ್ಟನೆ ನಿಂತಿತು.

"ಬಸ್ತಿ ಮಂದಿ ಏನಂತಾರ? ನಾಳೆ ಮಂಗಲಾನ ಲಗ್ನ ಆಗಬೇಕು."

"ಅವರು ಅನಕೋತ ಇರಲಿ. ನಾ ಹಸಕೊಂಡ ಇರತೀನಿ."

ಮುದುಕಿಯ ಮುನಿಸು, ಮಧ್ಯಾಹ್ನಕ್ಕೆ ಇಳಿಯುತ್ತದೆ ಎಂದುಕೊಂಡು ಬಾಹುಬಲಿ ಚಾವಿಯ ಸಮೇತ ನಿಪ್ಪಾಣಿಗೆ ಹೋದ. ರಾಜಮತಿ ಬಾವಿ ಕಟ್ಟೆಯ ಪಕ್ಕ ಬೇವಿನ ನೆರಳಿಗೆ ಚಾಪೆ ಹಾಸಿ ಕೂತಳು. ಹನಿ ನೀರು ಮುಟ್ಟಲಿಲ್ಲ. ತುಟಿ ಒಣಗಿತು. ಮಂಗಲ ಬೇಡಿಕೊಂಡಳು, ಅತ್ತಳು. ಕೊನೆಗೆ ಅವಳೂ ಪಕ್ಕದಲ್ಲಿ ಕೂತು ಗಾಳಿ ಬೀಸಿದಳು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಗೌರಾಬಾಯಿ ಗೋಡೆಯಾಚೆಯಿಂದ ಇಣುಕಿ, ರಾಜಕ್ಕ ಅನ್ನ ನೀರು ಬಿಟ್ಟು ಕಣ್ಣು ಮುಚ್ಚಿ ಕೂತಿದ್ದಾಳೆ ಎಂದು ಬಸ್ತಿ ಓಣಿಯಲ್ಲಿ ಹೇಳಿದಳು. ಓಣಿಯವರು ತಮಗೆ ತಿಳಿದ ಹಾಗೆ ತಿಳಿದುಕೊಂಡರು: ರಾಜಕ್ಕ ಉಪವಾಸದ ವ್ರತ ಹಿಡಿದಿದ್ದಾಳೆ! ಸಂಜೆಯೊಳಗೆ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಕಾಲು ಮುಟ್ಟಿದರು. ಭಜನೆ ಶುರುವಾಯಿತು. ಮಾತಾಡಲು ರಾಜಮತಿಯ ಗಂಟಲಲ್ಲಿ ಪಸೆ ಇರಲಿಲ್ಲ. ಇದ್ದರೂ ಅವಳು ತಿದ್ದುತ್ತಿದ್ದಳೋ ಇಲ್ಲವೋ ಹೇಳಲಾರೆವು. ಅಷ್ಟು ದಡ್ಡಿಯಲ್ಲ ಅವಳು.

ಬಾಹುಬಲಿ ತಿರುಗಿ ಬಂದಾಗ ಹಿತ್ತಲು ತುಂಬಿತ್ತು. ಬಸ್ತಿಯ ಹಿರಿಯರೊಬ್ಬರು ಅವನ ಬೆನ್ನು ತಟ್ಟಿದರು. "ಪುಣ್ಯವಂತ ನೀ. ಇಂಥಾ ಅವ್ವ ಯಾರಿಗಿ ಸಿಗತಾಳು? ಪಾರಣಿ ಎಂದು?"

ಪಾರಣೆ ಅಂದರೆ ಉಪವಾಸ ಬಿಡುವ ದಿನ. ಊರು ಕೂಡಿ ಮಾಡುವ ಹಬ್ಬ ಅದು. ಮಗ ಎದುರು ನಿಂತು ಮಾಡಿಸಬೇಕು. ಆಗ ರಾಜಮತಿ ಕಣ್ಣು ಬಿಟ್ಟು, ಇದ್ದ ದನಿಯನ್ನೆಲ್ಲ ಕೂಡಿಸಿ ಹೇಳಿದಳು:

"ನನ್ನ ಪಾರಣಿ ಬಾಹುಬಲಿ ಉಡದಾರದಾಗ ಐತಿ."

ಜನ ತಲೆದೂಗಿದರು. ಏನೋ ದೊಡ್ಡ ಮಾತು ಎಂದುಕೊಂಡರು. ಅರ್ಥವಾದದ್ದು ಒಬ್ಬನಿಗೇ. ಆ ರಾತ್ರಿ ಅವನೂ ಉಣ್ಣಲಿಲ್ಲ.

ಬೆಳಗ್ಗೆ ಸೂರ್ಯ ಮೇಲೆ ಬಂದ ಮೇಲೆ ಮತ್ತೆ ಎಲ್ಲರೂ ಕೂಡಿದರು. ಯಾರೋ ಕಬ್ಬಿನ ಹಾಲು ತಂದಿದ್ದರು, ಯಾರೋ ಹೂವು. ಬಾಹುಬಲಿ ಜಾಳಿಗೆಯ ಕೀಲಿ ತೆಗೆದ. ಹಗ್ಗ, ಕೊಡ ಇಟ್ಟ. ಸೇದಲು ಯಾರು ಎಂದು ಜನ ನೋಡುತ್ತಿದ್ದಾಗ ರಾಜಮತಿ ಹಿತ್ತಲ ಬಾಗಿಲ ಕಡೆ ಕೈ ಮಾಡಿದಳು. ರಾಜಮತಿ ಹೇಳಿ ಕಳಿಸಿದ್ದರಿಂದ ಅಕ್ಕವ್ವ ಬಂದು ನಿಂತಿದ್ದಳು, ಸೊಂಟದ ಮೇಲೆ ಸ್ವಂತ ಕೊಡ.

"ಬಾ ಅಕ್ಕವ್ವಾ, ನನ್ನ ಕೊಡ ತುಂಬು."

ಗುಸುಗುಸು ಹಬ್ಬಿತು. ಅಕ್ಕವ್ವ ಅದಕ್ಕೆ ಕಿವಿ ಕೊಡದೆ ಕಟ್ಟೆಯ ಹತ್ತಿರ ಬಂದು ನಿಂತಳು.

"ಸೇದತೇನಿ, ಅವ್ವಾರ. ಆಳಾಗಿ ಅಲ್ಲ. ನಮ್ಮ ಮಾವ ತೋಡಿದ ಬಾಂವಿ ಇದು, ನೀರ ಬಿದ್ರ ನಮ್ಮ ಕೇರಿಗೂ ಗಡಗಡಿ ಅಂತ ನಿಮ್ಮ ಯಜಮಾನ್ರ ಹೇಳಿದ್ರು. ಮದಲ ನನ್ನ ಕೊಡ. ಆಮ್ಯಾಲ ನಿಮ್ಮದು."

ಎಲ್ಲರೂ ರಾಜಮತಿಯ ಕಡೆ ತಿರುಗಿದರು. ನಾಲಿಗೆ ಅಂಗುಳಿಗೆ ಅಂಟಿದ್ದ ಮುದುಕಿ, ಎದುರಿಗೆ ನೀರು. ಅವಳಿಗೆ ಸಿಟ್ಟು ಬಂತು. ಬಂದದ್ದು ಸುಳ್ಳಲ್ಲ. ಊರೆದುರು ಹೀಗೆ ಕೇಳಬೇಕೇ? ಆದರೆ ಊರೆದುರು ಕೇಳದೆ ಇದ್ದ ವರ್ಷಗಳಲ್ಲಿ ಏನಾಗಿತ್ತು ಎಂಬುದೂ ಅವಳಿಗೆ ಗೊತ್ತಿತ್ತು.

"ಹೂಂ," ಎಂದಳು. "ಲಗೂನ ತುಂಬಕೋ. ನಾ ಸಾಯೂದ್ರೊಳಗ."

ಅಕ್ಕವ್ವ ನಕ್ಕಳು. ದೊಡ್ಡ ಮನೆಯ ಗಡಗಡಿ ಕಿರುಗುಟ್ಟಿತು. ಅವಳ ಕೊಡ ತುಂಬಿತು. ಬಂದವರಲ್ಲಿ ಅರ್ಧ ಜನ ಹೂವನ್ನು ಅಲ್ಲೇ ಇಟ್ಟು ಎದ್ದು ಹೋದರು. ಉಳಿದರ್ಧ ಕಬ್ಬಿನ ಹಾಲು ಕೆಡುತ್ತದೆಂದೋ, ಮುಂದೇನಾಗುತ್ತದೆ ನೋಡೋಣ ಎಂದೋ ನಿಂತರು. ಎರಡನೆಯ ಕೊಡ ಬಂದಾಗ ರಾಜಮತಿ ಅರಿವೆ ಕಟ್ಟಿ ಗಾಳಿಸಿ, ಜೀವಾಣಿ ಬಿಟ್ಟು, ಗಟಗಟ ಕುಡಿದಳು.

ಅವಳೇನು ಕ್ರಾಂತಿ ಮಾಡಲಿಲ್ಲ. ಅಕ್ಕವ್ವನನ್ನು ಪಡಸಾಲೆ ದಾಟಿಸಲಿಲ್ಲ, ಚಹಾದ ಕಪ್ಪನ್ನು ಬೇರೆಯೇ ಇಟ್ಟಳು. ಅಕ್ಕವ್ವ ಆ ಕಪ್ಪನ್ನು ಮುಟ್ಟುವುದನ್ನು ಬಿಟ್ಟಳು, ಅಷ್ಟೆ. ಆದರೆ ಅಂದಿನಿಂದ ಕೇರಿಯ ಹೆಂಗಸರು ಕಟ್ಟೆ ಹತ್ತಿ, ತಮ್ಮ ಕೈಯಿಂದಲೇ ಸೇದಿದರು. ಮಂಗಲಳನ್ನು ನೋಡಲು ಬಂದ ಕಾಗವಾಡದ ನೆಂಟರು ವಿಷಯ ಕೇಳಿ ನೀರು ಮುಟ್ಟದೆ ಎದ್ದಾಗ, "ನೀರಡಿಸಿ ಹೋಗ್ರಿ, ನಮ್ಮ ಹುಡುಗಿ ಉಳೀತು," ಎಂದಳು ರಾಜಮತಿ. ಆಮೇಲೆ ಅಥಣಿಯ ಶ್ರೀಪಾಲ ಎಂಬ ಮಾಸ್ತರನ ಜೊತೆ ಮಂಗಲಳ ಲಗ್ನವಾಯಿತು. ಲಗ್ನದ ನೀರನ್ನೂ ಅದೇ ಬಾವಿಯಿಂದ ತುಂಬಿದರು.

ಕೇರಿಗೆ ಬೇರೆ ಗಡಗಡಿ ಹಾಕಿಸು ಎಂದು ಅಕ್ಕವ್ವ ಎಷ್ಟೋ ಸಲ ಕೇಳಿದಳು. "ಇದ್ದದ್ದು ಐತಲ್ಲ ಬೇ, ನಾ ಇರೂತನಕ ಯಾರ ಕೇಳತಾರು?" ಎಂದು ರಾಜಮತಿ ತೇಲಿಸಿದಳು. ಅವಳ ದೊಡ್ಡ ತಪ್ಪು ಅದು.

ತೊಂಬತ್ತನಾಲ್ಕರ ಚಳಿಗಾಲದಲ್ಲಿ ಅವಳು ಸತ್ತಳು. ಸೂತಕ ಕಳೆದ ಮರುದಿನ ಬಾಹುಬಲಿ ಜಾಳಿಗೆಗೆ ಕೀಲಿ ಹಾಕಿದ. ಅಕ್ಕವ್ವ ಕೊಡ ಹಿಡಿದು ಬಂದಳು.

"ನಮ್ಮವ್ವ ಇದ್ದಾಗಿನ ಮಾತ ಬ್ಯಾರೆ, ಅಕ್ಕವ್ವಾ."

"ಮಾತ ನಿಮ್ಮವ್ವಂದಲ್ರಿ, ಸಾವಕಾರ್ರ. ನಿಮ್ಮಪ್ಪಂದು."

ಬಾಹುಬಲಿ ಒಳಗೆ ಹೋದ. ಕೀಲಿ ಹಾಗೇ ಉಳಿಯಿತು. ಅಕ್ಕವ್ವ ದಿನಾ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೊಡ ಇಟ್ಟು ಕೂರುತ್ತಿದ್ದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದು ಕೂರತೊಡಗಿದರು.

ಆ ಮನೆಯಲ್ಲಿ ಇಂದಿಗೂ ಆಯಿಯ ನೆನಪು ತೆಗೆಯುತ್ತಾರೆ. ಶೇಂಗಾ ಹಿಂಡಿ, ಸೂರ್ಯನ ಜೊತೆಗಿನ ಜಗಳ, ಹುಳಕ್ಕೆ ಬಸ್ಸು ಹತ್ತಿಸಿದ್ದು ಎಲ್ಲವನ್ನೂ ಹೇಳಿ ನಗುತ್ತಾರೆ. ಎರಡನೆಯ ಕೊಡಕ್ಕಾಗಿ ಅವಳು ಬಾಯಾರಿ ಕಾದದ್ದನ್ನು ಮಂಗಲ ಒಬ್ಬಳೇ ಹೇಳುತ್ತಾಳೆ. ಆಗ ಉಳಿದವರು ತಾಟು ಎತ್ತಿಕೊಂಡು ಏಳುತ್ತಾರೆ.

ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಳು. ಅವಳ ಅಡಿಗೆಯ ರುಚಿಯನ್ನು ಬೇಕಾದಷ್ಟು ಹೇಳಿದ್ದೀರಿ, ಸಾಕು. ಅವಳ ನೀರಿನ ಕಟ್ಟೆಯ ಕೆಳಗೆ ಯಾರು ನಿಂತಿದ್ದರು, ಆ ಹೆಸರು ಹೇಳಿ. ಹೇಳಿ ಸುಮ್ಮನೆ ಕೂರಬೇಡಿ, ಎದ್ದು ಅವರ ಮನೆಗೆ ಹೋಗಿ. ಕೊಡಬೇಕಾದದ್ದು ಏನೆಂದು ಅವರನ್ನೇ ಕೇಳಿ, ಕೊಟ್ಟು ಬನ್ನಿ.